ಮೀನು ಹಿಡಿಯುವ ರೀಲಿನ ಸಣ್ಣಪುಟ್ಟ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾವೇರಿ ಕಡೆಯವನು. ಒಂದು ಕಡೆ ವರದಾ, ಇನ್ನೊಂದು ಕಡೆ ತುಂಗಭದ್ರೆ. ರವಿವಾರ ಬಂತೆಂದರೆ ಗಾಳ ಹಿಡಿದು ಹೊರಡುವವರಿಗೆ ನಮ್ಮಲ್ಲಿ ಬರವಿಲ್ಲ. ರೀಲ್ ರಿಪೇರಿ ನನಗೆ ಕಸುಬಲ್ಲ, ಚಟ. ಮೊದಲು ನನ್ನವೇ ಎರಡು ರೀಲ್ ಕೆಡಿಸಿಕೊಂಡೆ, ಆಮೇಲೆ ಗೆಳೆಯರವು ಬಂದವು, ಈಗ ಹುಬ್ಬಳ್ಳಿ, ಗದಗದಿಂದಲೂ ಫೋನ್ ಬರುತ್ತವೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ, ಪ್ರಶ್ನೆಗಳನ್ನು ಅವರ ಬಾಯಲ್ಲಿ ಬಂದ ಹಾಗೇ ಇಟ್ಟಿದ್ದೇನೆ.

ಇಲ್ಲಿರುವುದು ಸ್ಪಿನ್ನಿಂಗ್ ರೀಲಿನ ವಿಷಯ. ಅಂದರೆ ರಾಡಿನ ಕೆಳಗೆ ನೇತಾಡುವ, ಮುಂದೆ ಬೇಲ್ ತಂತಿ (ದಾರ ಸುತ್ತಿಸುವ, ತೆರೆದು ಮುಚ್ಚುವ ಬಾಗಿದ ತಂತಿ) ಇರುವ ರೀಲು. ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಜನರ ಕೈಯಲ್ಲಿ ಇರುವುದು ಅದೇ. ರಾಡಿನ ಮೇಲೆ ಕೂರುವ ಇನ್ನೊಂದು ಥರದ ರೀಲು, ಬೇಟ್ ಕಾಸ್ಟರ್, ಅದರ ಬಗ್ಗೆ ಕೊನೆಯ ಹೊತ್ತಿಗೆ ಒಂದೇ ಒಂದು ಪ್ರಶ್ನೆ ಇದೆ.

## ಬಿಚ್ಚುವ ಮೊದಲು

ರೀಲ್ ಕೆಟ್ಟದ ಅಂತ ಅನ್ನಿಸ್ತದ, ಆದ್ರ ಎಲ್ಲಿ ಕೆಟ್ಟದ ಅಂತ ಹೆಂಗ್ ಗೊತ್ತು ಮಾಡ್ಕೊಳ್ಳೋದ್ರಿ?

ಸ್ಕ್ರೂ ಡ್ರೈವರ್ ಆಚೆ ಇಡಿ. ಮೊದಲು ಸ್ಪೂಲ್, ಅಂದರೆ ತಂಗೂಸಿ (ಗಾಳದ ನೈಲಾನ್ ದಾರ) ಸುತ್ತಿರುವ ಉರುಳೆ, ತೆಗೆಯಿರಿ. ಮುಂದಿನ ಡ್ರ್ಯಾಗ್ ನಾಬ್ (ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ತಂಗೂಸಿ ಹರಿಯದಂತೆ ಜಾರಲು ಬಿಡುವ ಬ್ರೇಕು) ಪೂರ್ತಿ ತಿರುಗಿಸಿದರೆ ಅದು ಬಂದುಬಿಡುತ್ತದೆ. ಈಗ ಹ್ಯಾಂಡಲ್ ತಿರುವಿ ನೋಡಿ. ಸದ್ದು ನಿಂತರೆ ತೊಂದರೆ ಸ್ಪೂಲಿನ ಕೆಳಗೆ. ಹೆಚ್ಚಿನ ಸಲ ಒಂದು ಸುತ್ತು ತಂಗೂಸಿ ಸ್ಪೂಲಿನ ಹಿಂದೆ ಜಾರಿ ಶಾಫ್ಟಿಗೆ ಸುತ್ತಿಕೊಂಡಿರುತ್ತದೆ. ಸದ್ದು ನಿಲ್ಲದಿದ್ದರೆ ಬೇಲ್ ಒಮ್ಮೆ ತೆರೆದು, ಒಮ್ಮೆ ಮುಚ್ಚಿ ತಿರುವಿ. ಆಮೇಲೆ ಹ್ಯಾಂಡಲ್ ಬಿಟ್ಟು ರೋಟರನ್ನೇ (ಬೇಲ್ ಹೊತ್ತು ಸ್ಪೂಲಿನ ಸುತ್ತ ತಿರುಗುವ ಭಾಗ) ಕೈಯಿಂದ ಮೆಲ್ಲಗೆ ತಿರುವಿ, ಕಿವಿ ಹತ್ತಿರ ಹಿಡಿದು. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಟಕ್ ಅಂದರೆ ಗೇರಿನ ಹಲ್ಲು ನೋಡಬೇಕು. ಉದ್ದಕ್ಕೂ ಕರಕರ ಅಂದರೆ ಮಣ್ಣು ಅಥವಾ ಬೇರಿಂಗ್. ನನ್ನ ಹತ್ತಿರ "ಗೇರ್ ಹೋಗ್ಯಾವ" ಅಂತ ಬರುವ ರೀಲುಗಳಲ್ಲಿ ಅರ್ಧಕ್ಕರ್ಧ ಬರೀ ಕೊಳೆ. ತೊಳೆದು ಕೊಟ್ಟರೆ ಮಂದಿ ನಂಬುವುದಿಲ್ಲ, ಏನೋ ಬದಲಿ ಮಾಡಿದ್ದೀರಿ ಅಂತಾರೆ.

ಏನೇನ್ ಸಾಮಾನ ಬೇಕಾಗ್ತದ?

ಬಹಳ ಏನಿಲ್ಲ. ಮೊಬೈಲ್ ರಿಪೇರಿಯವರು ಬಳಸುವ ಸಣ್ಣ ಸ್ಕ್ರೂ ಡ್ರೈವರ್ ಸೆಟ್, ಒಂದು ಪಕ್ಕಡ, ಹಳೆಯ ಹಲ್ಲುಜ್ಜುವ ಬ್ರಷ್, ಹತ್ತಿ, ಹಳೆ ಬನಿಯನ್ ಬಟ್ಟೆ. ರೋಟರಿನ ನಟ್ ತೆಗೆಯಲು ಅದರ ಅಳತೆಯ ಪಾನಾ ಬೇಕು. ಪಕ್ಕಡದಿಂದ ನಟ್ ಹಿಡಿದರೆ ಮೂಲೆ ಸವೆದು ಆಮೇಲೆ ಪಾನಾ ಕೂಡ ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಾಮಾನು ಒಂದು ಹಳೆ ಇಡ್ಲಿ ತಟ್ಟೆ. ನಗಬೇಡಿ. ಬಿಚ್ಚಿದ ಮೊದಲ ಸ್ಕ್ರೂ ಮೊದಲ ಗುಣಿಗೆ, ಎರಡನೆಯದು ಎರಡನೆಯದಕ್ಕೆ. ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಬಂದರೆ ಆಯಿತು. ತಟ್ಟೆಯಲ್ಲಿ ತೂತು ಇದ್ದರೆ ಕೆಳಗೆ ಬಟ್ಟೆ ಹಾಸಿ. ಜೊತೆಗೆ ಹೆಜ್ಜೆ ಹೆಜ್ಜೆಗೂ ಮೊಬೈಲಿನಲ್ಲಿ ಒಂದು ಫೋಟೋ. "ನನಗೆ ನೆನಪಿರ್ತದ" ಅಂದವರೇ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡುವುದು.

ಮನ್ಯಾಗಿನ ಎಣ್ಣಿ ಹಾಕಿದ್ರ ನಡೀತದನ? ಕೊಬ್ರಿ ಎಣ್ಣಿ, ಕುಸುಬಿ ಎಣ್ಣಿ?

ಬೇಡ. ಕುಸುಬಿ ಎಣ್ಣೆಯಂತೂ ಬೇಡವೇ ಬೇಡ. ಅದು ಗಾಳಿ ತಾಗಿದರೆ ತಾನಾಗಿ ಒಣಗಿ ಪೊರೆ ಕಟ್ಟುವ ಜಾತಿಯ ಎಣ್ಣೆ, ಅದಕ್ಕೇ ಅದನ್ನು ಚಿತ್ರ ಬರೆಯುವ ಬಣ್ಣಕ್ಕೂ ಬಳಸುತ್ತಾರೆ. ಖಾನಾವಳಿ ಒಲೆಯ ಹಿಂದಿನ ಗೋಡೆ ಮುಟ್ಟಿ ನೋಡಿದ್ದೀರಾ? ಆ ಅಂಟೇ ನಿಮ್ಮ ಬೇರಿಂಗಿನಲ್ಲಿ ಕೂರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧಾರವಾಡದ ಡಿಸೆಂಬರ್ ಮುಂಜಾನೆ ಕೆಳಗೇರಿ ಕೆರೆ ದಂಡೆಯಲ್ಲಿ ನಿಂತು ರೀಲ್ ಯಾಕೆ ಬಿಗಿಯಾಯಿತು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹೊಲಿಗೆ ಯಂತ್ರದ ಎಣ್ಣೆ ಸಾಕು. ತೆಳ್ಳಗಿರುತ್ತದೆ, ಅಗ್ಗ, ಟೇಲರ್ ಅಂಗಡಿ ಸಾಮಾನು ಮಾರುವಲ್ಲಿ ಎಲ್ಲ ಕಡೆ ಸಿಗುತ್ತದೆ. ಗೇರಿಗೆ ಗ್ರೀಸ್, ಬೇರಿಂಗಿಗೆ ಮತ್ತು ರೋಲರಿಗೆ (ಬೇಲ್ ತುದಿಯಲ್ಲಿ ತಂಗೂಸಿ ಹಾಯುವ ಪುಟ್ಟ ಉರುಳೆ) ಎಣ್ಣೆ, ಇಷ್ಟು ನೆನಪಿಡಿ. ಡಬ್ಲ್ಯೂಡಿ-40 ತೇವ ಓಡಿಸಲು, ಜಂಗು ಸಡಿಲಿಸಲು ಒಳ್ಳೆಯದು, ಆದರೆ ಅದು ಬಹಳ ದಿನ ನಿಲ್ಲುವುದಿಲ್ಲ. ಅದನ್ನು ಹೊಡೆದು ಒರೆಸಿ, ಆಮೇಲೆ ಎಣ್ಣೆ ಬಿಡಿ.

ರೀಲ್ ಕೆಸರಾಗ ಬಿತ್ತು, ನಲ್ಲಿ ಕೆಳಗ ಹಿಡಿದು ತೊಳದ್ರ ಆಗ್ತದಾ?

ನಲ್ಲಿ ಜೋರಾಗಿ ಬಿಟ್ಟು ಹಿಡಿದರೆ ಹೊರಗಿನ ಕೆಸರು ಒಳಗೆ ಹೋಗುತ್ತದೆ. ಮಸಾರಿ ಮಣ್ಣಾದರೆ ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸಬಹುದು. ಗದಗ, ನವಲಗುಂದ ಕಡೆಯ ಎರೆ ಮಣ್ಣು ಹಾಗಲ್ಲ, ಒಣಗಿತೆಂದರೆ ಸಿಮೆಂಟು. ಅದನ್ನು ಹಸಿ ಇರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಒರೆಸಿ ಮುಗಿಯುವವರೆಗೆ ಹ್ಯಾಂಡಲ್ ತಿರುಗಿಸಬೇಡಿ. ಸಣ್ಣ ಮರಳು ಗ್ರೀಸಿಗೆ ಕೂಡಿದರೆ ಅದು ಸಾಣೆ ಹಿಡಿಯುವ ಮಸಾಲೆ ಇದ್ದಂತೆ. ಒಂದು ಸಂಜೆ ತಿರುವಿದರೂ ಗೇರ್ ಹಲ್ಲು ತಿನ್ನುತ್ತದೆ. ಮರಳಿನಲ್ಲಿ ಪೂರ್ತಿ ಮುಳುಗಿ ಎದ್ದಿದ್ದರೆ ಬಿಚ್ಚಲೇಬೇಕು, ಬೇರೆ ದಾರಿ ಇಲ್ಲ.

ಗೋಕರ್ಣಕ್ಕ ಹೋಗಿ ಎರಡು ದಿನ ಹಿಡದ್ವಿ, ವಾಪಸ್ ಬಂದ್ಮ್ಯಾಲ ರೀಲ್ ಬಿಳಿ ಬಿಳಿ ಆಗೇದ, ಯಾಕ?

ಉಪ್ಪು. ಅಲ್ಯುಮಿನಿಯಂ ಮೇಲೆ ಬಿಳಿ ಹುಡಿ ಕಂಡರೆ ಲೋಹ ತಿನ್ನಲು ಶುರುವಾಗಿದೆ ಅಂತ ಅರ್ಥ. ಸಮುದ್ರದಿಂದ ಬಂದ ರಾತ್ರಿಯೇ, ಮರುದಿನ ಅಲ್ಲ, ಡ್ರ್ಯಾಗ್ ಬಿಗಿ ಮಾಡಿ ಸಿಹಿ ನೀರನ್ನು ಮೆಲ್ಲಗೆ ಚಿಮುಕಿಸಿ ತೊಳೆಯಿರಿ. ಡ್ರ್ಯಾಗ್ ಬಿಗಿ ಯಾಕೆಂದರೆ ವಾಷರುಗಳಿಗೆ ನೀರು ಇಳಿಯಬಾರದು. ಬಕೆಟಿನಲ್ಲಿ ಮುಳುಗಿಸಿ ಇಡುವವರಿದ್ದಾರೆ, ಅದು ಉಪ್ಪನ್ನು ಕರಗಿಸಿ ಒಳಗೆ ಕಳಿಸುವ ಕೆಲಸ. ಒರೆಸಿ, ಈಗ ಡ್ರ್ಯಾಗ್ ಸಡಿಲ ಬಿಟ್ಟು, ನೆರಳಿನಲ್ಲಿ ಒಣಗಿಸಿ, ಲೈನ್ ರೋಲರಿಗೆ, ಹ್ಯಾಂಡಲ್ ಗುಬ್ಬಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಈಗಾಗಲೇ ಬಂದಿರುವ ಬಿಳಿ ಹುಡಿಯನ್ನು ಬ್ರಷ್‌ನಿಂದ ತೆಗೆದು ಆ ಜಾಗಕ್ಕೆ ಗ್ರೀಸ್ ಸವರಿ.

## ಹೊರಗಿನ ಪೆಟ್ಟು

ಹೊಸ ತಂಗೂಸಿ ಹಾಕಿದ್ರೂ ಎಸದಾಗೊಮ್ಮೆ ಕಟ್ ಆಗ್ತದ, ತಂಗೂಸಿ ಡುಪ್ಲಿಕೇಟ್ ಇರಬಹುದಾ?

ಇರಬಹುದು, ಆದರೆ ಅಂಗಡಿಯವನನ್ನು ಬೈಯುವ ಮೊದಲು ಸ್ಪೂಲಿನ ಮುಂದಿನ ಅಂಚು ನೋಡಿ. ರಾಡನ್ನು ಕಲ್ಲಿನ ಮೇಲೆ ಮಲಗಿಸಿದಾಗ, ಬೈಕಿಗೆ ಕಟ್ಟಿಕೊಂಡು ಬರುವಾಗ, ಮೊದಲ ಪೆಟ್ಟು ಬೀಳುವುದು ಆ ಅಂಚಿಗೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚು ಬಿದ್ದಿರುತ್ತದೆ. ತಂಗೂಸಿ ಪ್ರತಿ ಸಲ ಎಸೆಯುವಾಗಲೂ ಅದರ ಮೇಲೆ ಉಜ್ಜಿಕೊಂಡೇ ಹೋಗಬೇಕು.

ಬೆರಳಿಗೆ ಅದು ತಿಳಿಯುವುದಿಲ್ಲ, ಹತ್ತಿಗೆ ತಿಳಿಯುತ್ತದೆ. ಒಂದು ಚೂರು ಹತ್ತಿಯನ್ನು ಸಡಿಲವಾಗಿ ಹಿಡಿದು ಅಂಚಿನ ಸುತ್ತ ನಿಧಾನ ಎಳೆಯಿರಿ. ಎಲ್ಲಿ ಒಂದೆರಡು ಎಳೆ ಸಿಕ್ಕಿ ನಿಂತಿತೋ ಅಲ್ಲೇ ಕಚ್ಚು. ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಹತ್ತಿ ಬೆಳೆಯುವ ಸೀಮೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ, ಆದರೂ ನನಗೆ ಗೊತ್ತಾಗಲು ಮೂರು ವರ್ಷ ಬೇಕಾಯಿತು, ಅಷ್ಟರಲ್ಲಿ ಎಷ್ಟು ಗಾಳ ನೀರುಪಾಲಾದವೋ ಲೆಕ್ಕವಿಲ್ಲ.

ರಿಪೇರಿ ಹೀಗೆ. ಸ್ಪೂಲಿನಲ್ಲಿರುವ ತಂಗೂಸಿಯ ಮೇಲೆ ಟೇಪ್ ಸುತ್ತಿ ಮುಚ್ಚಿ. 1000 ನಂಬರಿನ ನೀರು ಪಾಲಿಶ್ ಪೇಪರ್ ಒದ್ದೆ ಮಾಡಿ, ಗುರುತಿನ ಜಾಗದಲ್ಲಿ ಅಂಚಿನ ಉದ್ದಕ್ಕೆ ಉಜ್ಜಿ. ಅಡ್ಡಡ್ಡ ಉಜ್ಜಿದರೆ ಒಂದು ಕಚ್ಚು ಹೋಗಿ ಹತ್ತು ಗೀರು ಬರುತ್ತವೆ. ಹತ್ತಿ ಸಿಗುವುದು ನಿಂತ ಮೇಲೆ 2000 ನಂಬರಿನಿಂದ ಒಂದೆರಡು ನಿಮಿಷ, ಕೊನೆಗೆ ಬ್ರಾಸೋ ಹಚ್ಚಿ ಬಟ್ಟೆಯಲ್ಲಿ ತಿಕ್ಕಿ. ಲೋಹದ ಸ್ಪೂಲಾದರೆ ಹೊಳಪು ಬಂದ ಜಾಗದಲ್ಲಿ ಮೇಲಿನ ಲೇಪ ಹೋಗಿರುತ್ತದೆ. ನದಿ ಕೆರೆಗೆ ಅಷ್ಟೇನೂ ತೊಂದರೆ ಇಲ್ಲ. ಪ್ಲಾಸ್ಟಿಕ್ ಸ್ಪೂಲಾದರೆ ಬ್ರಾಸೋ ಬಿಡಿ, 2000 ಪೇಪರೇ ಸಾಕು. ಉಗುರು ಇಳಿಯುವಷ್ಟು ಆಳದ ಕಚ್ಚಾದರೆ ಅರಾಲ್ಡೈಟ್ ತುಂಬಿ, ಒಂದು ದಿನ ಬಿಟ್ಟು, ಹೀಗೇ ಉಜ್ಜಿ ಸಮ ಮಾಡಬಹುದು.

ಬೇಲ್ ತಂತಿ ಸೊಟ್ಟ ಆಗೇದ, ಕೈಲೆ ಬಗ್ಗಿಸ್ಲಾ?

ಬಗ್ಗಿಸಿ, ಆದರೆ ರೀಲಿನ ಮೇಲೆ ಇರುವಾಗ ಬೇಡ. ಅಲ್ಲಿ ಒತ್ತಿದ ಭಾರವೆಲ್ಲ ತೋಳಿನ ಪ್ಲಾಸ್ಟಿಕ್ಕಿಗೆ ಬೀಳುತ್ತದೆ, ತಂತಿ ನೆಟ್ಟಗಾಗಿ ತೋಳು ಮುರಿಯುತ್ತದೆ. ಎರಡೂ ತುದಿಯ ಸ್ಕ್ರೂ ತೆಗೆದು ತಂತಿ ಹೊರಗೆ ತನ್ನಿ. ಪಕ್ಕಡದ ಬಾಯಿಗೆ ಬಟ್ಟೆ ಸುತ್ತಿ, ಒಮ್ಮೆಗೇ ಅಲ್ಲ, ಐದಾರು ಸಲ ಚೂರು ಚೂರೇ ಬಗ್ಗಿಸಿ. ಸೊಟ್ಟ ಆಗುವ ಮೊದಲಿನ ಫೋಟೋ ಯಾರೂ ಇಟ್ಟುಕೊಂಡಿರುವುದಿಲ್ಲ, ಹಾಗಾಗಿ ಅದೇ ಮಾದರಿಯ ಇನ್ನೊಂದು ರೀಲ್ ಯಾರ ಹತ್ತಿರವಾದರೂ ಇದ್ದರೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಸರಿಯಾಯಿತೋ ಇಲ್ಲವೋ ನೋಡುವುದು ಸುಲಭ: ಬೇಲ್ ಮುಚ್ಚಿದಾಗ ತಂಗೂಸಿ ತಾನಾಗಿ ತಂತಿ ಮೇಲೆ ಜಾರಿ ರೋಲರಿಗೆ ಹೋಗಿ ಕೂರಬೇಕು. ಎಲ್ಲೋ ನಡುವೆ ನಿಂತರೆ ಇನ್ನೂ ಸೊಟ್ಟ ಇದೆ.

ಹ್ಯಾಂಡಲ್ ತಿರುವಿದ್ರ ಬೇಲ್ ತಾನಾ ಮುಚ್ಚೋದಿಲ್ಲ. ಪೆನ್ನಿನ ಸ್ಪ್ರಿಂಗ್ ಹಾಕಿದ್ರ ನಡೀತದಾ?

ಬೇಲ್ ತೋಳಿನ ಮುಚ್ಚಳದ ಒಳಗೆ ಒಂದು ಸ್ಪ್ರಿಂಗ್ ಇದೆ. ಅದು ಮುರಿದಿರಬಹುದು, ಸುಮ್ನೆ ಜಾಗ ಬಿಟ್ಟು ಜಾರಿರಬಹುದು, ಇಲ್ಲಾ ಮಣ್ಣು ಸೇರಿರಬಹುದು. ಬಿಚ್ಚುವಾಗ ರೀಲನ್ನೂ ಕೈಯನ್ನೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಬಿಚ್ಚಿ. ಸ್ಪ್ರಿಂಗ್ ಹಾರಿದರೆ ಚೀಲದಲ್ಲೇ ಬೀಳುತ್ತದೆ. ಪೆನ್ನಿನ ಸ್ಪ್ರಿಂಗ್ ನಾನೂ ಹಾಕಿ ನೋಡಿದ್ದೇನೆ. ಅದು ಮೆತ್ತಗೆ, ಒಂದೆರಡು ವಾರ ನಡೆದು ಆಮೇಲೆ ಕೈ ಕೊಡುತ್ತದೆ. ಸ್ಪ್ರಿಂಗ್ ಸಿಗುವವರೆಗೆ ಕೈಯಿಂದ ಮುಚ್ಚಿಕೊಳ್ಳಿ. ನಿಜ ಹೇಳಬೇಕೆಂದರೆ ಯಾವಾಗಲೂ ಕೈಯಿಂದ ಮುಚ್ಚುವುದೇ ರೀಲಿಗೆ ಒಳ್ಳೆಯದು.

ತಂಗೂಸಿ ಜಡಿ ಹೆಣದಂಗ ಸುತ್ತಿಕೊಂತದ, ರೀಲಿನ ತಪ್ಪಾ ನನ್ನ ತಪ್ಪಾ?

ಎರಡೂ ಆಗಬಹುದು. ರೀಲಿನದಾದರೆ ಲೈನ್ ರೋಲರ್ ಸಿಕ್ಕಿಕೊಂಡಿದೆ. ಬೇಲ್ ಮುಚ್ಚಿ, ತಂಗೂಸಿ ಸ್ವಲ್ಪ ಬಿಗಿ ಹಿಡಿದು ಮುಂದೆ ಹಿಂದೆ ಎಳೆದು ನೋಡಿ. ರೋಲರ್ ತಿರುಗಬೇಕು. ತಿರುಗದಿದ್ದರೆ ಅದರ ಸ್ಕ್ರೂ ತೆಗೆದು, ಒಳಗಿನ ಪುಟ್ಟ ಬುಶ್ ಅಥವಾ ಬೇರಿಂಗನ್ನು ತೊಳೆದು, ಒಂದು ಹನಿ ಎಣ್ಣೆ ಬಿಟ್ಟು ಜೋಡಿಸಿ. ವಾಷರುಗಳ ಕ್ರಮ ತಪ್ಪಿದರೆ ರೋಲರ್ ಮತ್ತೆ ಬಿಗಿಯುತ್ತದೆ. ರೋಲರಿನಲ್ಲಿ ತಂಗೂಸಿ ಗೆರೆ ಕೊರೆದಿದ್ದರೆ ಬದಲಿ ಮಾಡಬೇಕು.

ನಿಮ್ಮ ತಪ್ಪಾದರೆ ಅದು ಹೀಗಿರುತ್ತದೆ. ದೊಡ್ಡ ಕಾಟ್ಲಾ ಎಳೆಯುತ್ತಿದೆ, ಡ್ರ್ಯಾಗ್ ಜಾರಿ ತಂಗೂಸಿ ಹೊರಗೆ ಹೋಗುತ್ತಿದೆ, ನೀವು ಗಾಬರಿಯಲ್ಲಿ ಹ್ಯಾಂಡಲ್ ತಿರುವುತ್ತಲೇ ಇದ್ದೀರಿ. ರೀಲಿನ ಗೇರ್ ಲೆಕ್ಕ 5.2:1 ಇದ್ದರೆ ಹ್ಯಾಂಡಲಿನ ಒಂದೊಂದು ಸುತ್ತಿಗೂ ತಂಗೂಸಿಗೆ ಐದು ತಿರುವು ಬೀಳುತ್ತವೆ. ಇಪ್ಪತ್ತು ಸುತ್ತಿಗೆ ನೂರು. ಡ್ರ್ಯಾಗ್ ಜಾರುವಾಗ ಹ್ಯಾಂಡಲ್ ನಿಲ್ಲಿಸಿ, ರಾಡ್ ಎತ್ತಿ ಇಳಿಸಿ ಮೀನನ್ನು ತನ್ನಿ. ಈಗಾಗಲೇ ಬಿದ್ದ ತಿರುವು ಬಿಡಿಸಲು ಗಾಳ, ಸೀಸದ ಗುಂಡು ಎಲ್ಲ ಬಿಚ್ಚಿ, ಬರೀ ತಂಗೂಸಿಯನ್ನು ಹರಿವ ನೀರಿನಲ್ಲಿ ಉದ್ದಕ್ಕೆ ಬಿಟ್ಟು ಐದು ನಿಮಿಷ ಸುಮ್ಮನೆ ನಿಲ್ಲಿ. ಇದಕ್ಕೆ ಕೆರೆ ಬರುವುದಿಲ್ಲ, ಹೊಳೆಯೇ ಬೇಕು.

ಹ್ಯಾಂಡಲ್ ಗಡಗಡ ಅಂತದ, ಎಷ್ಟ ಬಿಗಿ ಮಾಡಿದ್ರೂ ಸಡಿಲ ಆಗ್ತದ

ಹ್ಯಾಂಡಲ್ ಎರಡು ಥರ. ಒಂದು, ಆರು ಮೂಲೆ ಅಥವಾ ಚೌಕದ ಸರಳು ಆಚೆ ಹಾಯ್ದು, ಆ ಕಡೆಯಿಂದ ಸ್ಕ್ರೂ ಬಿಗಿಯುವಂಥದ್ದು. ಇನ್ನೊಂದು, ಹ್ಯಾಂಡಲನ್ನೇ ನೇರ ತಿರುವಿ ಹಾಕುವಂಥದ್ದು. ಎರಡನೆಯದರಲ್ಲಿ ಎಡಗಡೆಯ ಥ್ರೆಡ್ಡೂ ಬಲಗಡೆಯ ಥ್ರೆಡ್ಡೂ ಉಲ್ಟಾ ದಿಕ್ಕಿನವು, ಮೀನು ಎಳೆಯುವ ದಿಕ್ಕಿಗೆ ತಿರುವಿದಷ್ಟೂ ಬಿಗಿಯಾಗಲಿ ಅಂತ. ಇದು ಗೊತ್ತಿಲ್ಲದೆ ಪಕ್ಕಡ ಹಾಕಿ ಬಲ ತೋರಿಸಿದವರ ರೀಲುಗಳನ್ನು ನೋಡಿದ್ದೇನೆ, ನನ್ನ ತಮ್ಮನದೂ ಸೇರಿ. ಬಿಚ್ಚಬೇಕಾದರೆ ಹ್ಯಾಂಡಲನ್ನು ಹಿಂದಕ್ಕೆ ತಿರುವಿ.

ಮೊದಲ ಥರದ್ದರಲ್ಲಿ ಸರಳಿನ ಮೂಲೆ ಸವೆದು ಆಟ ಬಂದಿದ್ದರೆ, ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿಯಿಂದ ಒಂದು ತೆಳು ಪಟ್ಟಿ ಕತ್ತರಿಸಿ ಸರಳಿಗೆ ಸುತ್ತಿ ಒಳಗೆ ತೂರಿಸಿ. ಅಂದ ಇಲ್ಲ, ಆದರೆ ನನ್ನ ಒಂದು ರೀಲ್ ಎರಡು ಮಳೆಗಾಲ ಹಾಗೇ ನಡೆದಿದೆ.

ರಾಡಿಗೆ ಕೂಡೋ ರೀಲಿನ ಕಾಲು ಸೀಳೇದ. ಫೆವಿಕ್ವಿಕ್ ಹಾಕಿದೆ, ಮತ್ತ ಬಿಟ್ಟಿತು

ಬಿಡುತ್ತದೆ. ಮೀನು ಎಳೆದಾಗ ಆ ಕಾಲು ಬಾಗುತ್ತದೆ, ಫೆವಿಕ್ವಿಕ್ ಬಾಗುವುದಿಲ್ಲ, ಸಿಡಿಯುತ್ತದೆ. ಸುತ್ತಮುತ್ತ ಬೆಳ್ಳಗೆ ಬೂಷ್ಟು ಬಂದ ಹಾಗೆ ಬೇರೆ ಮಾಡುತ್ತದೆ. ಹಳೆ ಅಂಟನ್ನು ಪೂರ್ತಿ ಕೆರೆದು, ಸೀಳಿನ ಎರಡೂ ಮುಖವನ್ನು ಪಾಲಿಶ್ ಪೇಪರಿನಿಂದ ಒರಟು ಮಾಡಿ, ಅರಾಲ್ಡೈಟ್ ಕಲಸಿ ಹಚ್ಚಿ ಜೋಡಿಸಿ. ಅದರ ಮೇಲೆ ಗಾಳಿಪಟದ ದಾರದಂಥ ಗಟ್ಟಿ ದಾರವನ್ನು ಒತ್ತೊತ್ತಾಗಿ ಸುತ್ತಿ, ದಾರಕ್ಕೂ ಅರಾಲ್ಡೈಟ್ ಕುಡಿಸಿ. ಮರುದಿನದವರೆಗೆ ಮುಟ್ಟಬೇಡಿ. ಇದು ಜಿಲೇಬಿ ಮೀನಿಗೆ, ಸಣ್ಣ ರೋಹುವಿಗೆ ಸಾಕು. ಕಾಲು ಪೂರ್ತಿ ಎರಡು ತುಂಡಾಗಿದ್ದರೆ ಮಾತ್ರ ಯಾವ ಅಂಟನ್ನೂ ನಂಬಬೇಡಿ.

## ಒಳಗಿನ ಕೆಲಸ

ಡ್ರ್ಯಾಗ್ ಒಮ್ಮೆ ಜಾರ್ತದ, ಒಮ್ಮೆ ಹಿಡೀತದ, ಝಟಕಾ ಹೊಡದಂಗ ಆಗ್ತದ

ಸ್ಪೂಲಿನ ಮುಂದಿನ ಬಾಯಲ್ಲಿ ಒಂದು ತಂತಿ ಕ್ಲಿಪ್ ಇದೆ. ಅದನ್ನು ಸೂಜಿಯಿಂದ ಎಬ್ಬಿಸಿದರೆ ವಾಷರುಗಳ ಅಡಕಲು ಹೊರಗೆ ಬರುತ್ತದೆ. ಒಂದು ಲೋಹದ್ದು, ಒಂದು ಉಣ್ಣೆ ಅಥವಾ ಕಾರ್ಬನ್ನಿನದು, ಹೀಗೆ ಒಂದು ಬಿಟ್ಟು ಒಂದು. ಲೋಹದವುಗಳಲ್ಲಿ ಕೆಲವಕ್ಕೆ ಹೊರಗೆ ಕಿವಿ ಇರುತ್ತದೆ, ಕೆಲವಕ್ಕೆ ಒಳಗಿನ ತೂತು ದುಂಡಗಿರದೆ ಒಂದು ಕಡೆ ಚಪ್ಪಟೆ. ಕ್ರಮ ತಪ್ಪಿದರೆ ಡ್ರ್ಯಾಗ್ ಇದ್ದೂ ಇಲ್ಲದ ಹಾಗೆ, ಅದಕ್ಕೇ ಫೋಟೋ.

ಲೋಹದವನ್ನು ಒರೆಸಿ ನುಣ್ಣಗೆ ಮಾಡಿ. ಉಣ್ಣೆಯದು ಒಣಗಿ ರೊಟ್ಟಿಯಂತೆ ಗಟ್ಟಿಯಾಗಿದ್ದರೆ, ಇಲ್ಲಾ ಒತ್ತಿ ಒತ್ತಿ ಹೊಳೆಯುತ್ತಿದ್ದರೆ ಬದಲಿ ಮಾಡಿ. ಚೆನ್ನಾಗಿದ್ದರೆ ಡ್ರ್ಯಾಗಿಗೆ ಅಂತಲೇ ಸಿಗುವ ಗ್ರೀಸನ್ನು ತೆಳ್ಳಗೆ ಸವರಿ, ಜಾಸ್ತಿಯಾದದ್ದನ್ನು ಒರೆಸಿ ತೆಗೆಯಿರಿ. ಗಾಡಿ ಗ್ರೀಸ್ ಇಲ್ಲಿ ಬೇಡ. ವಾಷರ್ ಹಾಳಾಗಲು ದೊಡ್ಡ ಕಾರಣ ಅಂದರೆ ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿಯಾಗೇ ಬಿಟ್ಟು ರೀಲನ್ನು ಅಟ್ಟಕ್ಕೆ ಎಸೆಯುವುದು.

ಜೋಡಿಸಿದ ಮೇಲೆ ಪರೀಕ್ಷೆ ಮಾಡಲು ಒಂದು ಲೀಟರ್ ನೀರಿನ ಬಾಟಲಿ ಸಾಕು, ತುಂಬಿದರೆ ಸುಮಾರು ಒಂದು ಕಿಲೋ. ಡ್ರ್ಯಾಗನ್ನು ತಂಗೂಸಿಯ ತಾಕತ್ತಿನ ಕಾಲು ಭಾಗದಿಂದ ಮೂರರಲ್ಲಿ ಒಂದು ಭಾಗಕ್ಕೆ ಇಡುವುದು ರೂಢಿ. ನಿಮ್ಮದು ನಾಲ್ಕು ಕಿಲೋ ತಂಗೂಸಿಯಾದರೆ ಆ ಬಾಟಲಿ ಕಟ್ಟಿ ಎತ್ತಿದಾಗ ಅದು ಝಟಕಾ ಇಲ್ಲದೆ ಮೆಲ್ಲಗೆ ಇಳಿಯಬೇಕು.

ಹ್ಯಾಂಡಲ್ ಹಿಂದಕ್ಕ ತಿರಗತದ. ಎರಡು ತಿಂಗಳ ಹಿಂದ ನಾನಾ ಗ್ರೀಸ್ ಹಾಕಿದ್ದೆ, ಆವಾಗಿಂದ

ಉತ್ತರ ನೀವೇ ಹೇಳಿಬಿಟ್ಟಿರಿ. ರೋಟರಿನ ಕೆಳಗೆ ಒಂದು ಕ್ಲಚ್ ಬೇರಿಂಗ್ ಇದೆ, ಒಂದೇ ದಿಕ್ಕಿಗೆ ತಿರುಗುವಂಥದ್ದು. ಅದರೊಳಗೆ ಪುಟ್ಟ ಪುಟ್ಟ ಉರುಳೆಗಳು, ಅವನ್ನು ತಳ್ಳಲು ಸಣ್ಣ ಸ್ಪ್ರಿಂಗುಗಳು. ಹಿಂದಕ್ಕೆ ತಿರುವಿದ ತಕ್ಷಣ ಉರುಳೆಗಳು ಇಕ್ಕಟ್ಟಿಗೆ ಸಿಕ್ಕಿ ಹಿಡಿಯಬೇಕು. ಗ್ರೀಸ್ ಹಾಕಿದರೆ ಅವು ಅಂಟಿಕೊಂಡು ಅಲ್ಲಾಡುವುದಿಲ್ಲ, ಹಿಡಿಯುವುದೂ ಇಲ್ಲ. ಚಳಿಯಲ್ಲಿ ಇನ್ನೂ ಜಾಸ್ತಿ.

ಈ ಪಾಠ ನಾನು ಕಲಿತದ್ದು ಗಳಗನಾಥದಲ್ಲಿ, ವರದಾ ತುಂಗಭದ್ರೆಗೆ ಕೂಡುವ ಜಾಗದ ಹತ್ತಿರ. ಹಿಂದಿನ ರಾತ್ರಿ ಭಾರಿ ಉಮೇದಿನಿಂದ ಇಡೀ ರೀಲಿಗೆ ಗ್ರೀಸ್ ತುಂಬಿದ್ದೆ. ಬೆಳಿಗ್ಗೆ ಬೆಂಡು ಮುಳುಗಿತು, ರಾಡ್ ಎತ್ತಿದೆ, ಹ್ಯಾಂಡಲ್ ಗರ್ರನೆ ಹಿಂದಕ್ಕೆ ತಿರುಗಿ ಗುಬ್ಬಿ ನನ್ನ ಬೆರಳ ಗೆಣ್ಣಿಗೆ ಟಪ ಟಪ ಬಡಿಯಿತು. ಕೈ ಬಿಟ್ಟೆ. ಮೀನು ಯಾವುದು ಅಂತ ಕೂಡ ನೋಡಲಾಗಲಿಲ್ಲ.

ಸ್ಪೂಲ್ ತೆಗೆದು, ರೋಟರ್ ನಟ್ ಬಿಚ್ಚಿ, ರೋಟರ್ ಎತ್ತಿ. ನಟ್ ಅಲ್ಲಾಡದಂತೆ ತಡೆಯುವ ಸಣ್ಣ ಸ್ಕ್ರೂ ಅಥವಾ ತಗಡು ಇರುತ್ತದೆ, ಅದನ್ನು ಮೊದಲು ತೆಗೆಯಬೇಕು. ಕೆಲವು ಕಂಪನಿಯ ನಟ್ ಉಲ್ಟಾ ಥ್ರೆಡ್, ಒಂದು ಕಡೆ ಬರದಿದ್ದರೆ ಬಲ ಹಾಕುವ ಮೊದಲು ಇನ್ನೊಂದು ಕಡೆ ತಿರುವಿ ನೋಡಿ. ಕ್ಲಚ್ಚನ್ನು ಇಡಿಯಾಗಿಯೇ ಹೊರತೆಗೆದು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವದಲ್ಲಿ ಅದ್ದಿ ಬ್ರಷ್ ಆಡಿಸಿ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವುದು ಇದನ್ನೇ, ಅವರ ಸಾಮಾನು ಸಿಗುವ ಅಂಗಡಿಯಲ್ಲಿ ಕೇಳಿ. ಪೆಟ್ರೋಲ್, ಥಿನ್ನರ್ ಬೇಡ, ಒಳಗಿನ ಪ್ಲಾಸ್ಟಿಕ್ ಗೂಡು ಹಾಳಾಗುತ್ತದೆ. ಒಣಗಿದ ಮೇಲೆ ಸೂಜಿ ತುದಿಯಿಂದ ಎಷ್ಟು ಎಣ್ಣೆ ಬರುತ್ತದೋ ಅಷ್ಟೇ ತಾಗಿಸಿ. ವಾಪಸ್ ಇಡುವಾಗ ಮೇಲುಕೆಳಗಾದರೆ ಹ್ಯಾಂಡಲ್ ಹಿಂದಕ್ಕೆ ಮಾತ್ರ ತಿರುಗುತ್ತದೆ. ಆಗ ಗಾಬರಿ ಬೇಡ, ತೆಗೆದು ಮಗುಚಿ ಇಡಿ.

ಪೂರ್ತಿ ಬಿಚ್ಚಿ ತೊಳದು ಗ್ರೀಸ್ ಹಾಕಿದೆ, ಆದ್ರೂ ಕರಕರ ಹೋಗವಲ್ದು

ಹಾಗಾದರೆ ಬೇರಿಂಗುಗಳನ್ನು ಒಂದೊಂದೇ ಪರೀಕ್ಷಿಸಿ. ಎಣ್ಣೆ ಇಲ್ಲದ ಒಣ ಬೇರಿಂಗನ್ನು ಪೆನ್ಸಿಲಿಗೆ ಸಿಕ್ಕಿಸಿ ಬೆರಳಿನಿಂದ ತಿರುಗಿಸಿ. ಒಳ್ಳೆಯದಾದರೆ ನುಣ್ಣಗೆ ತಿರುಗಿ ನಿಧಾನ ನಿಲ್ಲುತ್ತದೆ, ಹಾಳಾದದ್ದು ಎಡವುತ್ತದೆ. ಬೇರಿಂಗ್ ಸರಿ ಇದ್ದರೆ ದೊಡ್ಡ ಗೇರಿನ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ಹಲ್ಲಿನ ಮೇಲೆ ಸಣ್ಣ ಚುಂಚು ಎದ್ದಿದ್ದರೆ 2000 ಪೇಪರಿನಿಂದ ಅದನ್ನಷ್ಟೇ ತೆಗೆಯಬಹುದು. ಹಲ್ಲು ಸವೆದು ಚೂಪಾಗಿದ್ದರೆ ಏನೂ ಮಾಡಲಾಗುವುದಿಲ್ಲ. ಗ್ರೀಸ್ ಜಾಸ್ತಿ ತುಂಬಿ ಸದ್ದು ಮುಚ್ಚಿ ಮಾರುವವರಿದ್ದಾರೆ, ಹಳೆ ರೀಲ್ ಕೊಳ್ಳುವಾಗ ಇದನ್ನು ತಲೆಯಲ್ಲಿಡಿ.

ರೀಲಿನ ಬೇರಿಂಗ್ ಹುಬ್ಬಳ್ಯಾಗ ಸಿಗ್ತಾವ, ಇಲ್ಲಾ ಆನ್‌ಲೈನ್ ತರಸ್ಬೇಕಾ?

ಬೇರಿಂಗ್ ಅಂಗಡಿಗೆ ಹೋಗಿ "ಫಿಶಿಂಗ್ ರೀಲಿಂದು" ಅಂದರೆ ಅವರು ನಿಮ್ಮ ಮುಖ ನೋಡುತ್ತಾರೆ. ಅಳತೆ ಹೇಳಿ. ಬೇರಿಂಗಿಗೆ ಮೂರು ಅಳತೆ: ಒಳ ತೂತು, ಹೊರ ಸುತ್ತು, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. 3, 10, 4 ಇದ್ದರೆ ಅದರ ನಂಬರ್ 623. 7, 14, 5 ಇದ್ದರೆ 687. 8, 16, 5 ಇದ್ದರೆ 688. ಹಳೆಯದರ ಮೈಮೇಲೆ ನಂಬರ್ ಕೊರೆದಿದ್ದರೆ ಅದನ್ನೇ ಹೇಳಿ. ನಂಬರಿನ ಮುಂದೆ ಝಡ್ ಝಡ್ ಅಂತ ಇದ್ದರೆ ಎರಡೂ ಕಡೆ ತಗಡಿನ ಮುಚ್ಚಳ, ಆರ್‌ಎಸ್ ಇದ್ದರೆ ರಬ್ಬರ್ ಮುಚ್ಚಳ. ನದಿ ಮರಳಿಗೆ ರಬ್ಬರಿನದೇ ವಾಸಿ, ಸ್ವಲ್ಪ ಬಿಗಿ ಅನ್ನಿಸುತ್ತದೆ, ಇರಲಿ. ಹಳೆ ಬೇರಿಂಗ್ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಅಂಗಡಿಯಲ್ಲಿ ವರ್ನಿಯರ್ ಇರುತ್ತದೆ.

ಎಲ್ಲಾ ಜೋಡಿಸಿದ ಮ್ಯಾಲ ಒಂದು ವಾಷರ್ ಉಳಕೊಂಡದ, ಬಿಟ್ಟರ ನಡೀತದಲ್ಲಾ?

ಕಾಗದದಷ್ಟು ತೆಳ್ಳಗಿನ ವಾಷರಾದರೆ ನಡೆಯುವುದಿಲ್ಲ. ಅದು ದೊಡ್ಡ ಗೇರಿನ ಪಕ್ಕದ್ದು, ಎರಡು ಗೇರುಗಳ ನಡುವಿನ ಸಂದನ್ನು ಹಿಡಿದಿಡುವುದು ಅದೇ. ಅದಿಲ್ಲದಿದ್ದರೆ ಹಲ್ಲುಗಳು ಸರಿಯಾಗಿ ಕೂಡದೆ ಎರಡೇ ವಾರದಲ್ಲಿ ಸವೆಯುತ್ತವೆ. ಮತ್ತೆ ಬಿಚ್ಚಿ. ಬಿಚ್ಚುವಾಗ ಇದು ಗ್ರೀಸಿಗೆ ಅಂಟಿ ಬೇರಿಂಗಿನ ಹಿಂದೆ ಅಡಗಿರುತ್ತದೆ, ತೊಳೆಯುವಾಗ ಬೀಳುತ್ತದೆ, ಅದಕ್ಕೇ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಇಟ್ಟು ನೋಡಿ. ಯಾವ ಕಡೆ ಇಟ್ಟಾಗ ಹ್ಯಾಂಡಲ್ ಆಟವೂ ಆಡದೆ ಬಿಗಿಯೂ ಆಗದೆ ತಿರುಗುತ್ತದೋ ಅದೇ ಅದರ ಜಾಗ.

ಅಗಲವಾದ ಪ್ಲಾಸ್ಟಿಕ್ ವಾಷರಾದರೆ ಅದು ಶಾಫ್ಟಿನ ಮೇಲೆ ಸ್ಪೂಲಿನ ಕೆಳಗೆ ಕೂರುವಂಥದ್ದು. ತಂಗೂಸಿ ಸ್ಪೂಲಿನ ಮುಂದಿನ ಅಂಚಿಗೇ ಗುಡ್ಡೆ ಬಿದ್ದರೆ ಅಂಥದ್ದೊಂದು ಸೇರಿಸಬೇಕು, ಹಿಂದೆ ಗುಡ್ಡೆ ಬಿದ್ದರೆ ಒಂದು ತೆಗೆಯಬೇಕು.

ಪ್ಲಾಸ್ಟಿಕ್ ಬಾಡಿ, ಸ್ಕ್ರೂ ಸುಮ್ನ ತಿರಗತದ, ಹಿಡಿಯವಲ್ದು

ಒಳಗಿನ ಥ್ರೆಡ್ ಹೋಗಿದೆ. ಬೆಂಕಿಕಡ್ಡಿ ತುಂಬುವ ಮನೆಮದ್ದು ಮರಕ್ಕೆ ಸರಿ, ಇಲ್ಲಿ ಬೇಡ, ನೀರು ಕುಡಿದು ಉಬ್ಬುತ್ತದೆ. ತೂತನ್ನು ಐಪಿಎ ಹಚ್ಚಿ ಒರೆಸಿ, ಅರಾಲ್ಡೈಟ್ ತುಂಬಿ. ಸ್ಕ್ರೂವಿಗೆ ಗ್ರೀಸ್ ಸವರಿ ಅದರಲ್ಲಿ ಇಳಿಸಿ, ಒಂದು ದಿನ ಬಿಟ್ಟು ಮೆಲ್ಲಗೆ ಬಿಚ್ಚಿ. ಗ್ರೀಸ್ ಇರುವುದರಿಂದ ಸ್ಕ್ರೂ ಅಂಟುವುದಿಲ್ಲ, ಒಳಗೆ ಹೊಸ ಥ್ರೆಡ್ ಮೂಡಿರುತ್ತದೆ. ನಾನೊಮ್ಮೆ ಅವಸರಕ್ಕೆ ಬಿದ್ದು ಒಂದು ಲೇತ್ ಅಂಗಡಿಗೆ ಕೊಟ್ಟೆ. ಅವರು ತೂತು ದೊಡ್ಡದು ಮಾಡಿ ಸೈಕಲ್ ಬೋಲ್ಟ್ ಹಾಕಿ ಕೊಟ್ಟರು. ಬಾಡಿ ಸೀಳಿತು.

ಬೇಟ್ ಕಾಸ್ಟರ್ ರೀಲಿಗೂ ಇದೆಲ್ಲಾ ನಡೀತದಾ?

ತೊಳೆಯುವುದು, ಎಣ್ಣೆ, ಡ್ರ್ಯಾಗ್, ಇಷ್ಟು ಮಟ್ಟಿಗೆ ಹೌದು. ಅದರಲ್ಲಿ ಹೆಚ್ಚು ಕೆಡುವುದು ತಂಗೂಸಿಯನ್ನು ಅತ್ತಿತ್ತ ಓಡಿಸುವ ಸುರುಳಿ ದಂಡ. ಅದರ ಗಾಡಿಯಲ್ಲಿ ಮರಳು ಸೇರಿದರೆ ಓಡಾಟ ನಿಲ್ಲುತ್ತದೆ. ಬ್ರಷ್ ಹಾಕಿ, ಎಣ್ಣೆ ಒಂದು ಹನಿ. ಸ್ಪೂಲ್ ಬೇರಿಂಗಿಗೆ ಗ್ರೀಸ್ ಹಾಕಿದರೆ ಎಸೆತ ಅರ್ಧಕ್ಕೆ ಬೀಳುತ್ತದೆ. ಒಳಗಡೆ ಪೂರ್ತಿ ಬಿಚ್ಚಲು ನನಗೇ ಇನ್ನೂ ಧೈರ್ಯ ಸಾಲದು.

ಐದುನೂರು ರೂಪಾಯಿ ರೀಲಿಗೆ ಇಷ್ಟೆಲ್ಲಾ ಯಾಕ್ರೀ, ಗುಜರಿಗೆ ಹಾಕಿ ಹೊಸದ ತರೋದಲ್ಲಾ?

ಗೇರ್ ಹಲ್ಲು ಹೋಗಿದ್ದರೆ, ಬಾಡಿ ಒಡೆದಿದ್ದರೆ, ಶಾಫ್ಟ್ ಬಾಗಿದ್ದರೆ ಹೊಸದು ತನ್ನಿ, ನಾನೂ ಅದನ್ನೇ ಹೇಳುವುದು. ಆದರೆ ಗುಜರಿಗೆ ಬೇಡ. ಕಡಿಮೆ ಬೆಲೆಯ ರೀಲುಗಳಿಗೆ ಬಿಡಿಭಾಗ ಯಾರೂ ಮಾರುವುದಿಲ್ಲ, ಸತ್ತ ರೀಲೇ ಬಿಡಿಭಾಗದ ಅಂಗಡಿ. ಸ್ಪೂಲ್, ಬೇಲ್ ಸ್ಪ್ರಿಂಗ್, ರೋಲರ್, ಸ್ಕ್ರೂ ಎಲ್ಲ ಬಿಚ್ಚಿ ಇಟ್ಟುಕೊಳ್ಳಿ. ನನ್ನ ಹತ್ತಿರ ಎರಡು ಬಿಸ್ಕಿಟ್ ಡಬ್ಬಿ ತುಂಬ ಇವೆ. ಹೋದ ವಾರ ಕರ್ಜಗಿಯಿಂದ ಒಬ್ಬರು ಬೇಲ್ ಸ್ಪ್ರಿಂಗ್ ಹುಡುಕಿಕೊಂಡು ಬಂದಿದ್ದರು. ಡಬ್ಬಿ ನೆಲಕ್ಕೆ ಸುರುವಿ ಇಬ್ಬರೂ ಅರ್ಧ ತಾಸು ಕುಕ್ಕರಗಾಲಲ್ಲಿ ಕೂತು ಹುಡುಕಿದೆವು. ಸಿಕ್ಕದ್ದು ಎಡಗಡೆಯದು, ಅವರಿಗೆ ಬೇಕಾದದ್ದು ಬಲಗಡೆಯದು.